ಅನಿಕೇತನ ರಸ್ತೆಯ ಅರ್ಧಾಣೆ

ಅಮೆರಿಕದವರು 1890ರಲ್ಲಿ ಜನಗಣತಿ ಮಾಡಿ, ತಮ್ಮ ದೇಶದಲ್ಲಿ ಇನ್ನು ಗಡಿನಾಡು ಎಂಬ ಗೆರೆ ಉಳಿದಿಲ್ಲ ಎಂದು ಪ್ರಕಟಿಸಿದರು. ಮೂರು ವರ್ಷದ ಮೇಲೆ, 1893ರ ಜುಲೈಯಲ್ಲಿ, ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಪ್ರೊಫೆಸರು ಷಿಕಾಗೋದಲ್ಲಿ ಪ್ರಬಂಧ ಓದಿ, ಅಮೆರಿಕದವನ ಗುಣಸ್ವಭಾವವನ್ನು ಕಡೆದು ನಿಲ್ಲಿಸಿದ್ದೇ ಆ ಗಡಿನಾಡು, ಈಗ ಅದರ ಕಾಲ ಮುಗಿಯಿತು ಎಂದ. ಅದೇ ವರ್ಷ ಅದೇ ಊರಲ್ಲಿ ಎರಡು ತಿಂಗಳ ತರುವಾಯ ಸ್ವಾಮಿ ವಿವೇಕಾನಂದರು ಮಾತಾಡಿದ್ದರಿಂದ ನಮ್ಮ ಕಡೆಯವರಿಗೆ ಟರ್ನರ್ ನೆನಪಿನಲ್ಲಿ ಉಳಿಯಲಿಲ್ಲ. ಉಳಿದಿದ್ದರೆ ಯಾರಾದರೊಬ್ಬರು ಕಾಗದ ಬರೆದು ತಿದ್ದುತ್ತಿದ್ದರು. ಗಡಿನಾಡು ಮುಗಿದಿಲ್ಲ. ಅದು ಮೈಸೂರಿನ ಕುವೆಂಪುನಗರಕ್ಕೆ ವರ್ಗವಾಗಿ ಬಂದಿದೆ.

ಇದನ್ನು ನಾನು ಅಂದಾಜಿನಲ್ಲಿ ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಅನಿಕೇತನ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ಕಟ್ಟಿದ್ದ ಮನೆಯನ್ನೇ ಕೊಂಡು, ಮೊದಲ ಮಹಡಿಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಹನ್ನೆರಡು ವರ್ಷ ಒಂದೇ ಸಮನೆ ಕ್ಷೇತ್ರಕಾರ್ಯ ನಡೆಸಿದ್ದೇನೆ. ಗಡಿಶಾಸ್ತ್ರದಲ್ಲಿ ಇಷ್ಟು ದೀರ್ಘವಾದ ಅವಲೋಕನವನ್ನು ಇನ್ನೊಬ್ಬರು ಮಾಡಿದ್ದರೆ ಅದು ಎದುರು ಬಾಲ್ಕನಿಯವರೇ ಇರಬೇಕು. ಅವರು ತಮ್ಮ ಟಿಪ್ಪಣಿ ತೋರಿಸುವುದಿಲ್ಲ.

ಮೊದಲು ರಸ್ತೆಗಳ ಹೆಸರು. ಈ ಬಡಾವಣೆಗೆ ಹೆಸರಿಟ್ಟವರಿಗೆ ಕವಿ ಕುವೆಂಪು ಅವರ ಮೇಲೆ ನಿಜವಾದ ಭಕ್ತಿಯಿತ್ತು. ಮನೆಯೇ ಇಲ್ಲದವನು ಎಂಬ ಅರ್ಥದ ಅನಿಕೇತನ ಪದವನ್ನು ಆರಿಸಿ ರಸ್ತೆಗಿಟ್ಟರು. ನಾವು ಅದರ ಎರಡೂ ಬದಿಗೆ ಮನೆ ಕಟ್ಟಿ, ಪ್ರತಿ ಮನೆಗೂ ಕಾಂಪೌಂಡು ಎತ್ತಿ, ಕಾಂಪೌಂಡಿನ ನೆತ್ತಿಗೆ ಗಾಜಿನ ಚೂರು ನೆಟ್ಟೆವು. ವಿಶ್ವಮಾನವ ಜೋಡಿರಸ್ತೆಯಲ್ಲಿ ಆಚೆಗೊಂದಷ್ಟು ವಿಶ್ವಮಾನವರಿದ್ದಾರೆ, ಈಚೆಗೊಂದಷ್ಟು ವಿಶ್ವಮಾನವರಿದ್ದಾರೆ, ನಡುವೆ ಡಿವೈಡರಿದೆ. ಪಂಚಮಂತ್ರ ರಸ್ತೆಯಲ್ಲಿ ನಾಲ್ಕನೆಯ ಮಂತ್ರವಾದ ಸಮನ್ವಯ ಮಾತ್ರ ಕಾರು ನಿಲ್ಲಿಸುವ ಹೊತ್ತಿನಲ್ಲಿ ಸ್ವಲ್ಪ ಇಕ್ಕಟ್ಟಿಗೆ ಸಿಗುತ್ತದೆ; ಮಿಕ್ಕ ನಾಲ್ಕಕ್ಕೆ ತೊಂದರೆಯಿಲ್ಲ. ಉದಯರವಿ ರಸ್ತೆಯೂ ಇಲ್ಲೇ ಇದೆ, ಆದರೆ ಕವಿ ಬದುಕಿದ ಉದಯರವಿ ಎಂಬ ಮನೆ ಇರುವುದು ಒಂಟಿಕೊಪ್ಪಲಿನ ಕಡೆ. ಹೆಸರನ್ನು ಇಲ್ಲಿಗೆ ಬಿಟ್ಟುಕೊಟ್ಟು ತಾವು ಅಲ್ಲಿದ್ದರು. ಗಡಿಯ ಸ್ವಭಾವ ಬಲ್ಲವರ ಲಕ್ಷಣ.

ನೆರೆಯವರ ಹೆಸರನ್ನು ನಾನು ಬರೆಯುವುದಿಲ್ಲ. ಗಡಿಶಾಸ್ತ್ರದಲ್ಲಿ ಮನುಷ್ಯನಿಗೆ ಹೆಸರಿಲ್ಲ, ದಿಕ್ಕಿದೆ. ಕ್ರಯಪತ್ರದ ಕೊನೆಯ ಹಾಳೆಯಲ್ಲಿ ಷೆಡ್ಯೂಲಿನ ಕೆಳಗೆ ಚಕ್ಕುಬಂದಿ ಎಂದಿರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಮತ್ತೊಬ್ಬರು. ಇಡೀ ಜನ್ಮದಲ್ಲಿ ಮನುಷ್ಯ ಯಾರು ಯಾರ ನಡುವೆ ಸಿಕ್ಕಿಕೊಂಡಿದ್ದಾನೆ ಎಂಬುದನ್ನು ಇಷ್ಟು ಅಡಕವಾಗಿ ಹೇಳಿದ ಸಾಹಿತ್ಯ ಪ್ರಕಾರ ಇನ್ನೊಂದಿಲ್ಲ. ಆದ್ದರಿಂದ ನನ್ನ ನೆರೆಯವರು ಈ ಬರಹದ ಉದ್ದಕ್ಕೂ ಪೂರ್ವದವರು, ಪಶ್ಚಿಮದವರು.

ಕನ್ನಡಿಗರು ಚಕ್ಕುಬಂದಿ ಬರೆಯುವ ಈ ಕಲೆಯಲ್ಲಿ ಹಿಂದುಳಿಯಲು ಕಾರಣವೂ ಇದೆ. ನೃಪತುಂಗ ರಸ್ತೆಯಲ್ಲಿ ಬೆಳಿಗ್ಗೆ ನಡೆಯಲು ಹೋಗುವವರು ಯೋಚಿಸಬೇಕಾದ ವಿಷಯ. ಒಂಬತ್ತನೇ ಶತಮಾನದಲ್ಲಿ ನೃಪತುಂಗ ದೊರೆಯ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡನಾಡಿಗೆ ಚಕ್ಕುಬಂದಿ ಬರೆಯಿತು: ಕೆಳಗೆ ಕಾವೇರಿ, ಮೇಲೆ ಗೋದಾವರಿ. ಪೂರ್ವ, ಪಶ್ಚಿಮದ ಕಾಲಂ ಖಾಲಿ. ಈ ಪತ್ರವನ್ನು ಇವತ್ತು ಯಾವ ಸಬ್‌ರಿಜಿಸ್ಟ್ರಾರೂ ನೋಂದಾಯಿಸುವುದಿಲ್ಲ. ಖಾಲಿ ಬಿಟ್ಟ ಆ ಕಾಲಮ್ಮನ್ನು ತುಂಬಲು ರಾಜ್ಯಗಳ ಗಡಿವಿವಾದ ನೋಡುವ ಮಹಾಜನ ಆಯೋಗವೇ ಬರಬೇಕಾಯಿತು. ಅದು 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದಿತು. ಸೇರಲಿಲ್ಲ. ಹೊಳೆಯನ್ನು ನಂಬಿ ಗಡಿ ಹೇಳುವವರ ಪಾಡು ನೃಪತುಂಗನ ಕಾಲದಿಂದಲೂ ಅಷ್ಟೆ.

ಇನ್ನು ಅಳತೆ. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಪಾದ್ರಿ 1620ರಲ್ಲಿ 66 ಅಡಿಯ ಸರಪಳಿಯೊಂದನ್ನು ಬಳಕೆಗೆ ತಂದ. ಅಮೆರಿಕದ ಬಯಲನ್ನೆಲ್ಲ ಅಳೆದು ಚೌಕ ಹಾಕಿದ್ದು ಅದೇ ಸರಪಳಿ. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಸರಿಯಾಗಿ ಅವನ ಅರ್ಧ ಸರಪಳಿ. ಗಂಟರ್ ಎಂಬ ಹೆಸರಿನಿಂದಲೇ ಗುಂಟೆ ಬಂತೆಂಬ ಸಿದ್ಧಾಂತವೊಂದಿದೆ. ಅದನ್ನು ಮಂಡಿಸಿದವನೂ ಒಪ್ಪಿದವನೂ ನಾನೊಬ್ಬನೇ. 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. ಒಂದು ಆಣೆ ಎಂದರೆ 68 ಚದರಡಿ ಚಿಲ್ಲರೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಅಲ್ಲಿನ ಒಕ್ಕಲಿಗೆ ಸಿಕ್ಕಿದ್ದು 160 ಎಕರೆ. ರಸ್ತೆ, ಪಾರ್ಕು ಬಿಡದೆ ಮೂವತ್ತು ನಲವತ್ತರ ಸೈಟು ಹೊಡೆದರೆ 5,808 ಸೈಟು. ಇಷ್ಟು ಜಾಗ ಕೈಯಲ್ಲಿದ್ದೂ ಅವರು ಗೂಟ ಕೀಳುವುದು, ಬೇಲಿ ಕತ್ತರಿಸುವುದು, ಪಿಸ್ತೂಲು ತೆಗೆಯುವುದು ಮಾಡಿದರು. ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಐದು ಸಾವಿರ ಸೈಟಿಗೆ ಒಂದು ಜಗಳ ಯಾರು ಬೇಕಾದರೂ ಆಡಿಯಾರು. ಒಂದೇ ಸೈಟಿನ ಮೇಲೆ, ಅದರ ಒಂದೇ ಬದಿಯ ಮೇಲೆ, 9 ಅಂಗುಲಕ್ಕೆ ಹನ್ನೆರಡು ವರ್ಷದ ಜಗಳವನ್ನು ಧ್ವನಿ ಎತ್ತದೆ ನಡೆಸಿಕೊಂಡು ಹೋಗುವುದಕ್ಕೆ ಸಂಸ್ಕಾರ ಬೇಕು.

ಕಾಯ್ದೆಯ ಷರತ್ತು ಸರಳವಾಗಿತ್ತು. ಐದು ವರ್ಷ ಅಲ್ಲೇ ವಾಸ ಮಾಡಬೇಕು, ಮನೆ ಕಟ್ಟಬೇಕು, ಬೇಸಾಯ ತೋರಿಸಬೇಕು. 12 ಬೈ 14ರ ಮನೆ ಕಟ್ಟಿದ್ದೇನೆ ಎಂದು ಪ್ರಮಾಣ ಮಾಡಿ, ಅಡಿಯೋ ಅಂಗುಲವೋ ಎಂಬುದನ್ನು ನುಂಗಿಕೊಂಡು, ಗುಬ್ಬಿಗೂಡಿನಷ್ಟು ಮನೆ ನಿಲ್ಲಿಸಿದವರ ಕತೆಗಳು ಅಲ್ಲಿ ಪ್ರಸಿದ್ಧ. ನಮ್ಮ ಬೀದಿಯವರು ಇದನ್ನು ಕೇಳಿ ಬೆರಗಾಗಲಿಲ್ಲ. ಫುಟ್‌ಪಾತಿನ ಮೇಲೆ ಗ್ರಿಲ್ಲು ಕೂರಿಸಿ, ಒಳಗೆ ಎರಡು ದಾಸವಾಳ, ಒಂದು ನಿತ್ಯಮಲ್ಲಿಗೆ ನೆಟ್ಟು, ಗ್ರಿಲ್ಲಿಗೊಂದು ಸಣ್ಣ ಗೇಟಿಟ್ಟು ಬೀಗ ಹಾಕಿದರೆ ವಾಸವೂ ಆಯಿತು, ಬೇಸಾಯವೂ ಆಯಿತು. ನಡೆಯುವವರು ರಸ್ತೆಗಿಳಿಯುತ್ತಾರೆ. ರಸ್ತೆಯಲ್ಲಿ ಮನೆಯ ಮುಂದಿನ ಭಾಗವನ್ನು ಎರಡು ಹೂಕುಂಡ, ಒಂದು ಹಳೆಯ ಟೈರು, ‘ವಾಹನ ನಿಲ್ಲಿಸಬಾರದು’ ಎಂಬ ತಗಡು ಕಾಯುತ್ತಿರುತ್ತವೆ. ಹೂಕುಂಡ ವರ್ಷಕ್ಕೆ ನಾಲ್ಕು ಅಂಗುಲದಂತೆ ಮುಂದೆ ಹೋಗುತ್ತದೆ. ಯಾರೂ ಸರಿಸಿದ್ದನ್ನು ನಾನು ಕಂಡಿಲ್ಲ; ಸಸ್ಯಶಾಸ್ತ್ರದವರು ನೋಡಬೇಕು.

ಓಕ್ಲಹೋಮಾದಲ್ಲಿ 1889ರ ಏಪ್ರಿಲ್ 22ರ ಮಧ್ಯಾಹ್ನ ತುಪಾಕಿ ಹಾರಿಸಿ, ಓಡಿ ಯಾರು ಮೊದಲು ಗೂಟ ಹೊಡೆಯುತ್ತಾರೋ ಅವರಿಗೆ ಜಮೀನು ಎಂದರು. ಕೆಲವರು ಹಿಂದಿನ ರಾತ್ರಿಯೇ ಒಳಗೆ ನುಸುಳಿ ಪೊದೆಯಲ್ಲಿ ಕೂತಿದ್ದರು. ಅವರಿಗೆ ‘ಸೂನರ್’ ಎಂಬ ಹೆಸರು ಬಿತ್ತು, ಆಮೇಲೆ ಆ ರಾಜ್ಯಕ್ಕೇ ಅದು ಅಡ್ಡಹೆಸರಾಯಿತು. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಬೆಂಗಳೂರು ಬಸ್ಸು ಇನ್ನೂ ಹಿಂದಕ್ಕೆ ಸರಿಯುತ್ತಿರುವಾಗಲೇ ಕಿಟಕಿಯೊಳಗೆ ಕರ್ಚೀಫು ಎಸೆಯುವ ಮಗುವಿಗೆ ಕೂಡ ಈ ಶಾಸ್ತ್ರ ಗೊತ್ತು. ವ್ಯತ್ಯಾಸವೆಂದರೆ ಅಲ್ಲಿ ನುಸುಳಿದವರ ಮೇಲೆ ಮೊಕದ್ದಮೆ ನಡೆದವು. ಇಲ್ಲಿ ಕರ್ಚೀಫಿಗೆ ಮಂಡ್ಯದವರೆಗೆ ಪೂರ್ಣ ಹಕ್ಕಿದೆ.

ಆದರೆ ಜಗತ್ತಿನ ಗಡಿಶಾಸ್ತ್ರಕ್ಕೆ ಕನ್ನಡದ ದೊಡ್ಡ ಕೊಡುಗೆ ಬೇರೆ: ‘ಅಕ್ರಮ-ಸಕ್ರಮ’. ಎರಡೇ ಪದ, ಒಂದೇ ಅಕ್ಷರದ ಅಂತರ. ಅಮೆರಿಕದವರು 1841ರಲ್ಲಿ ಇದನ್ನೇ ಮಾಡಿದರು; ಕೇಳದೆ ಹೋಗಿ ಕೂತವನಿಗೆ, ಹರಾಜಿಗೆ ಮುಂಚೆ, ಎಕರೆಗೆ ಒಂದೂಕಾಲು ಡಾಲರಿನಂತೆ 160 ಎಕರೆಯವರೆಗೆ ಕೊಳ್ಳುವ ಹಕ್ಕು ಕೊಟ್ಟರು. ಆದರೆ ಅದಕ್ಕೆ ಪ್ರಾಸ ಹುಡುಕಲಿಲ್ಲ. ನಮ್ಮ ಸರ್ಕಾರಿ ಜಮೀನಿನ ಬಗರ್‌ಹುಕುಂ ಸಾಗುವಳಿಗೆ ನಮೂನೆ 50 ಬಂತು, ಆಮೇಲೆ 53, ಆಮೇಲೆ 57. ಹುಕುಂ ಇಲ್ಲದ್ದು ಎಂಬ ಅರ್ಥದ ಕೆಲಸಕ್ಕೆ ಮೂರು ನಮೂನೆ ಅಚ್ಚು ಹಾಕಿಸಿದ ಆಡಳಿತವನ್ನು ಟರ್ನರ್ ನೋಡಬೇಕಿತ್ತು. ಪಟ್ಟಣದ ಕಟ್ಟಡಗಳ ಅಕ್ರಮ-ಸಕ್ರಮಕ್ಕೆ ಮಾತ್ರ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಹಾಕಿತು. ಅಂದಿನಿಂದ ನಮ್ಮ ಬಾಲ್ಕನಿಗಳು, ರ‍್ಯಾಂಪುಗಳು, ನೀರಿನ ತೊಟ್ಟಿಗಳು ಆ ಎರಡು ಪದಗಳ ನಡುವಿನ ಹೈಫನ್ನಿನಲ್ಲಿ ಜೀವ ಹಿಡಿದುಕೊಂಡಿವೆ.

ಊರಿನ ಇನ್ನೊಂದು ತುದಿಯಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಇದರ ದೊಡ್ಡ ಆವೃತ್ತಿಯಿದೆ. ಕುರುಬಾರಹಳ್ಳಿ ಸರ್ವೆ ನಂಬರ್ 4. ಪಹಣಿಯಲ್ಲಿ ‘ಬಿ ಖರಾಬು’ ಎಂದು ಬಂದ ಎರಡು ಪದಕ್ಕೆ ಸಿದ್ಧಾರ್ಥನಗರದಂಥ ಬಡಾವಣೆಗಳವರು ವರ್ಷಗಟ್ಟಲೆ ಖಾತೆಗಾಗಿ ಅಲೆದರು. ಬೇಸಾಯಕ್ಕೆ ಬಾರದ್ದು ಎ ಖರಾಬು, ಸಾರ್ವಜನಿಕರಿಗೆ ಮೀಸಲಾದದ್ದು ಬಿ ಖರಾಬು. ಸಾರ್ವಜನಿಕರಿಗೆ ಸೇರಿದ್ದನ್ನು ಖರಾಬು ಎಂದು ಕರೆದ ಹಳೆಯ ಕಂದಾಯದವರ ಭಾಷಾಜ್ಞಾನದ ಬಗ್ಗೆ ನನಗೆ ಗೌರವವಿದೆ. 2024ರಲ್ಲಿ ಇಡೀ ರಾಜ್ಯಕ್ಕೆ ಬದಲಿ ಸೈಟು ಹಂಚಿಕೆಯ 50:50 ಎಂಬ ಭಾಗಾಕಾರ ಹೇಳಿಕೊಟ್ಟದ್ದೂ ನಮ್ಮ ಊರೇ. ಅದು ಉನ್ನತ ಗಣಿತ. ನಾನು ಅಂಗುಲದ ಮೇಲಕ್ಕೆ ಹೋಗುವವನಲ್ಲ.

ನ್ಯಾಯದಾನಕ್ಕೆ ಬರೋಣ. 1830ರ ದಶಕದ ಕೊನೆಗೆ ಅಯೋವಾದಲ್ಲಿ, ಸರ್ಕಾರದ ಕೋರ್ಟು ತಲುಪುವ ಮೊದಲೇ, ಒಕ್ಕಲಿಗರು ‘ಕ್ಲೇಮ್ ಕ್ಲಬ್’ ಕಟ್ಟಿಕೊಂಡರು. ಲಿಖಿತ ನಿಯಮಾವಳಿ, ಅಧ್ಯಕ್ಷ, ಕಾರ್ಯದರ್ಶಿ ಎಲ್ಲ ಇತ್ತು. ಹೊರಗಿನವನು ಬಂದು ತಮ್ಮವನ ಜಮೀನಿಗೆ ಹರಾಜು ಕೂಗಿದರೆ ಕ್ಲಬ್ಬಿನವರೆಲ್ಲ ಅವನ ಸುತ್ತ ಸುಮ್ಮನೆ ನಿಲ್ಲುತ್ತಿದ್ದರು. ನಮ್ಮಲ್ಲಿ ಕ್ಷೇಮಾಭಿವೃದ್ಧಿ ಸಂಘವಿದೆ. ಭಾನುವಾರ ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಹತ್ತಿರ ಸೇರುತ್ತದೆ. ಸುತ್ತ ಸುಮ್ಮನೆ ನಿಲ್ಲುವುದು ಮಾತ್ರ ನಮ್ಮವರಿಗೆ ಆಗಿಬರುವುದಿಲ್ಲ; ಎಲ್ಲರೂ ಮಾತಾಡುತ್ತಾರೆ, ಒಟ್ಟಿಗೆ. ಹೋದ ವರ್ಷದ ಏಕೈಕ ನಿರ್ಣಯ ಹಿಂದಿನ ಸಭೆಯ ನಡಾವಳಿಯನ್ನು ಓದಿದೆವೆಂದು ಭಾವಿಸುವುದು.

ಹಾಗಾಗಿ ನಿಜವಾದ ನ್ಯಾಯಪೀಠ ಬೀದಿಯ ಪೂರ್ವದ ತುದಿಯಲ್ಲಿ, ಹೊಂಗೆ ಮರದಡಿಯ ಇಸ್ತ್ರಿ ಗಾಡಿಯಲ್ಲಿದೆ. ಟೆಕ್ಸಾಸಿನ ಲ್ಯಾಂಗ್‌ಟ್ರಿ ಎಂಬ ಊರಲ್ಲಿ ರಾಯ್ ಬೀನ್ ಎಂಬಾತ ಸಾರಾಯಿ ಅಂಗಡಿಯಲ್ಲೇ ಕೋರ್ಟು ನಡೆಸುತ್ತಿದ್ದ. ಅವನ ಹತ್ತಿರ ಒಂದು ಕಾನೂನು ಪುಸ್ತಕವಾದರೂ ಇತ್ತು. ನಮ್ಮ ಇಸ್ತ್ರಿಯವರಿಗೆ ಅದೂ ಬೇಡ. ಎಂಟು ಮನೆಗಳ ಬಟ್ಟೆ ಅವರ ಕೈಯಲ್ಲಿದೆ. ಯಾರ ಅಂಗಿಯ ಕಾಲರು ಸವೆದಿದೆ, ಯಾರು ಹೊಸ ಸೀರೆ ಕೊಂಡಿದ್ದಾರೆ, ಯಾರು ವಕೀಲರ ಮನೆಗೆ ಹೋಗುವ ಪ್ಯಾಂಟನ್ನು ವಾರದಲ್ಲಿ ಎರಡು ಸಲ ಕೊಟ್ಟರು ಎಂಬುದು ತಿಳಿದ ಮೇಲೆ ಸಾಕ್ಷ್ಯ ಇನ್ನೇನು ಬೇಕು? ನನ್ನ ಪ್ರಕರಣವನ್ನು ಅವರ ಮುಂದೆ ಒಂದು ಗಂಟೆ ಮಂಡಿಸಿದೆ. ಅವರು ಇದ್ದಿಲನ್ನು ಊದಿ, ‘ಮೇಷ್ಟ್ರೇ, ಒಂಬತ್ತಿಂಚಲ್ಲಿ ಏನ್ ಕಟ್ಟೀರಿ?’ ಎಂದರು. ಇದು ತೀರ್ಪಲ್ಲ, ಪ್ರಶ್ನೆ. ಕೆಳಗಿನ ಕೋರ್ಟಿನ ದೌರ್ಬಲ್ಯ.

ಗಡಿನಾಡಿನ ಇನ್ನೊಂದು ದೊಡ್ಡ ಅಪರಾಧ ದನ ಕದಿಯುವುದು. ಅಮೆರಿಕದವರು ಇದನ್ನು ತಾವೇ ಕಂಡುಹಿಡಿದಂತೆ ಸಿನಿಮಾ ತೆಗೆದರು. ಸಾವಿರ ವರ್ಷದ ಹಿಂದೆ ನಮ್ಮ ಹಳ್ಳಿಹಳ್ಳಿಯಲ್ಲೂ ತುರುಗೊಳ್ ನಡೆಯುತ್ತಿತ್ತು, ಗಡಿಕಾಳಗ ನಡೆಯುತ್ತಿತ್ತು, ದನ ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕೈಹಿಡಿದು ಒಯ್ಯುವುದು, ಮೇಲೆ ಕೈಲಾಸ. ನಮ್ಮ ಬೀದಿಯಲ್ಲಿ ದನವಿಲ್ಲ, ಹೂವಿದೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟ ಭಕ್ತರು ತುದಿಗೆ ಕೊಕ್ಕೆ ಕಟ್ಟಿದ ಕೋಲು, ಜೇಬಿನಲ್ಲಿ ಮಡಚಿದ ಪ್ಲಾಸ್ಟಿಕ್ ಕವರು ಹಿಡಿದು ಬರುತ್ತಾರೆ. ಕಾಂಪೌಂಡಿನಾಚೆಯಿಂದಲೇ ಕೊಂಬೆ ಬಾಗಿಸಿ ಗಣಗಲೆ, ದಾಸವಾಳ ಬಿಡಿಸಿಕೊಂಡು ಹೋಗುತ್ತಾರೆ. ಇದಕ್ಕೆ ‘ಹೂಗೊಳ್’ ಎಂಬ ಪಾರಿಭಾಷಿಕ ಪದವನ್ನು ನಾನು ಸೂಚಿಸಿದ್ದೇನೆ. ಪೂರ್ವದವರು ಒಮ್ಮೆ ಒಂದು ಬಕೀಟು ನೀರಿನೊಂದಿಗೆ ಎದುರಿಸಿ, ಜಾರಿ, ಮೊಣಕಾಲು ಊದಿಸಿಕೊಂಡರು. ಅವರಿಗೊಂದು ಕಲ್ಲು ಆಗಬೇಕು: ಕೆಳಗೆ ಬಕೀಟು, ನಡುವೆ ಆಟೋ, ಮೇಲೆ ಎಕ್ಸ್‌ರೇ.

ಶಿಕ್ಷೆಯ ವಿಷಯದಲ್ಲಂತೂ ಅಮೆರಿಕದವರು ತೀರಾ ಒರಟರು. ಒಂದು ಮರ, ಒಂದು ಹಗ್ಗ, ಐದು ನಿಮಿಷ. ನಮ್ಮ ಶಾಸನಗಳನ್ನು ಬರೆದವರು ದೂರ ಯೋಚಿಸಿದ್ದರು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಕಲ್ಲಿನ ಕೊನೆಗೆ ಕೊರೆಸಿದರು. ಬಿ. ಎಲ್. ರೈಸ್ ಸಂಗ್ರಹಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅಷ್ಟು ಸಲ ಬರೆಯಬೇಕಾಯಿತೆಂದರೆ ಎಷ್ಟು ಜನ ಹೆದರಿದರೆಂದು ಊಹಿಸಬಹುದು. ನಾನು ಲೆಕ್ಕ ಹಾಕಿದೆ. ಚದರಡಿಯ ಪ್ರಮಾಣದಲ್ಲಿ ಇಳಿಸಿದರೆ ನನ್ನ ಪಾಲಿನ ಅವಧಿ ತಡೆಯಬಹುದಾದಷ್ಟೇ.

ಈಗ ‘ಖಾಲಿ ಜಾಗ’ ಎಂಬ ಪರಿಕಲ್ಪನೆ. ಇದಿಲ್ಲದೆ ಗಡಿನಾಡು ಹುಟ್ಟುವುದೇ ಇಲ್ಲ. ಅಮೆರಿಕದ ಬಯಲು ಖಾಲಿಯಿತ್ತು. ಅಲ್ಲಿದ್ದವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಓಕ್ಲಹೋಮಾದಲ್ಲಿ ತುಪಾಕಿ ಹಾರಿಸುವ ಮೊದಲು ಆ ನೆಲದ ಹೆಸರೇ ಇಂಡಿಯನ್ ಟೆರಿಟರಿ ಎಂದಿತ್ತು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಶುರುವಾಗಿ, 1988ರಲ್ಲಿ ಅದು ಪ್ರಾಧಿಕಾರವಾಗಿ, ಊರ ಸುತ್ತಲಿನ ಖಾಲಿ ಜಾಗಗಳನ್ನು ಬಡಾವಣೆ ಮಾಡುತ್ತಾ ಬಂದಿತು. ನಮ್ಮ ಬೀದಿಗೆ ಹಾಲು ಹಾಕುವವರೊಬ್ಬರಿದ್ದಾರೆ. ‘ನಿಮ್ ಸಂಪು ಐತಲ್ಲ ಸಾ, ಅಲ್ಲಿ ನಮ್ ತಾತ ಹುರುಳಿ ಚೆಲ್ತಿದ್ರು’ ಎಂದು ನನ್ನ ಹತ್ತಿರ ಮೂರು ಸಲ ಹೇಳಿದ್ದಾರೆ. ದಾಖಲೆ ಇದೆಯೇ ಎಂದು ಕೇಳಿದೆ. ಇಲ್ಲವಂತೆ, ಹುರುಳಿ ಇತ್ತಂತೆ. ಮೌಖಿಕ ಇತಿಹಾಸದ ತೊಡಕೇ ಇದು. ಬರೆದುಕೊಳ್ಳಲಿಲ್ಲ. ಅರ್ಧ ಲೀಟರು ಹೆಚ್ಚಿಗೆ ತೆಗೆದುಕೊಂಡೆ.

ಇನ್ನು ನನ್ನ ಪ್ರಕರಣ, ಅಂದರೆ ಪ್ರಬಂಧದ ಮುಖ್ಯ ಭಾಗ.

ಮನೆಗೆ ಬಂದ ಮೊದಲ ವರ್ಷ ಮಾರ್ಚಿನಲ್ಲಿ, ಪಶ್ಚಿಮದ ಕಾಂಪೌಂಡಿನ ಪಕ್ಕ, ನಮ್ಮ ಕಡೆಯಲ್ಲಿ, ಕರಿಬೇವಿನ ಸಸಿಗೆ ಗುಂಡಿ ತೆಗೆಸಿದೆ. ಗುದ್ದಲಿಗೆ ಠಣ್ ಎಂದು ಕಲ್ಲು ಸಿಕ್ಕಿತು. ನೆತ್ತಿಯ ಮೇಲೆ ಗುರುತು ಕೊರೆದ ಬಾಂದುಕಲ್ಲು. ಕಾಂಪೌಂಡಿನಿಂದ 9 ಅಂಗುಲ ಈಚೆ. ಹಾಗೆಂದರೆ ಕಲ್ಲಿಗೂ ಗೋಡೆಗೂ ನಡುವಿನ 9 ಅಂಗುಲ, 40 ಅಡಿ ಉದ್ದಕ್ಕೂ, ಪಶ್ಚಿಮದವರದು. ಒಟ್ಟು 30 ಚದರಡಿ. ಆಣೆಗೆ 68 ಚದರಡಿ ಎಂಬ ಲೆಕ್ಕದಲ್ಲಿ ಅರ್ಧಾಣೆಗೂ ಕಡಿಮೆ. ತಲೆ ಎತ್ತಿದರೆ ಗೋಡೆಯ ಮೇಲಿಂದ ಪಶ್ಚಿಮದವರ ತಲೆ ಕಾಣಿಸಿತು. ಅವರೂ ಕಲ್ಲು ನೋಡಿದ್ದರು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಸಂಜೆಗೆ ಕಲ್ಲನ್ನು ಮುಚ್ಚಿಸಿ, ಅದಕ್ಕೂ ಗೋಡೆಗೂ ನಡುವೆ ಕರಿಬೇವು ನೆಟ್ಟೆ.

ಕಲ್ಲು ಮಣ್ಣಿನೊಳಗೆ ಇದ್ದದ್ದಕ್ಕೆ ಶಾಸ್ತ್ರಾಧಾರವಿದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲಬುರಗಿ ಸೀಮೆಯ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಅದರಲ್ಲಿ ಸೀಮಾವಿವಾದಕ್ಕೆ ಒಂದು ಪ್ರಕರಣವೇ ಇದೆ. ಗಡಿಯನ್ನು ಮರ, ಹುತ್ತ, ನೆಲದಲ್ಲಿ ಹೂತ ಇದ್ದಿಲು, ಹೊಟ್ಟು, ಮೂಳೆ ಇಂಥವುಗಳಿಂದ ಗುರುತಿಸಬೇಕು. ತಕರಾರು ಬಂದರೆ ನೆರೆಯವರು ನಾಲ್ಕು, ಎಂಟು ಅಥವಾ ಹತ್ತು ಜನ, ಕೆಂಪು ಬಟ್ಟೆ ಉಟ್ಟು, ಕೆಂಪು ಹೂಮಾಲೆ ಹಾಕಿಕೊಂಡು, ಮಣ್ಣು ಹೊತ್ತು, ಗಡಿಯನ್ನು ನಡೆದು ತೋರಿಸಬೇಕು. ನೆರೆಯವರನ್ನು ಅಲ್ಲಿ ‘ಸಾಮಂತ’ರು ಎಂದಿದೆ, ಅದೂ ಎಷ್ಟು ಸರಿಯಾದ ಮಾತು. ಈ ವಿಧಾನವನ್ನು ಸಂಘದ ಸಭೆಯಲ್ಲಿ ಮಂಡಿಸಿದೆ. ಮಣ್ಣು ಹೊರಲು ಯಾರೂ ಒಪ್ಪಲಿಲ್ಲ. ಒಬ್ಬರು ಮಾತ್ರ ಕೆಂಪು ಸ್ವೆಟರು ಆಗಬಹುದೇ ಎಂದು ಕೇಳಿದರು.

ಹಾಗಾಗಿ ನಾನು 1963ರ ಕಾಲಮಿತಿ ಕಾಯ್ದೆಗೆ ಮೊರೆಹೋದೆ. ಪರರ ಸ್ಥಿರಾಸ್ತಿಯನ್ನು 12 ವರ್ಷ ಪ್ರತಿಕೂಲವಾಗಿ ಅನುಭವಿಸಿದರೆ, ಬಿಡಿಸಿಕೊಳ್ಳುವ ಹಕ್ಕು ಮಾಲೀಕನ ಕೈ ತಪ್ಪುತ್ತದೆ. ಸರ್ಕಾರದ್ದಾದರೆ 30 ವರ್ಷ. ಅಮೆರಿಕದವನಿಗೆ ಐದೇ ವರ್ಷ ಸಾಕಾಗಿತ್ತು. ನಮ್ಮಲ್ಲಿ ತಾಳ್ಮೆಗೆ ಬೆಲೆ ಹೆಚ್ಚು. ಆದರೆ ಸುಮ್ಮನೆ ಕೂತಿದ್ದರೆ ಆಗುವುದಿಲ್ಲ. ಕರ್ನಾಟಕದ್ದೇ ಒಂದು ಜಮೀನಿನ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು, ದೀರ್ಘಕಾಲದ ಸ್ವಾಧೀನವೊಂದೇ ಸಾಲದು, ಮಾಲೀಕನಿಗೆ ವಿರುದ್ಧವಾಗಿ ಹಿಡಿದಿಟ್ಟುಕೊಳ್ಳುವ ಉದ್ದೇಶ ಕಾಣಬೇಕು ಎಂದಿದೆ. ಸ್ವಾಧೀನ ಬಹಿರಂಗವಾಗಿರಬೇಕು, ನಿರಂತರವಾಗಿರಬೇಕು, ವೈರದಿಂದ ಕೂಡಿರಬೇಕು.

ವೈರ ಕಾನೂನಿನ ಅಗತ್ಯ ಎಂದು ತಿಳಿದ ದಿನದಿಂದ ನಾನು ಪಶ್ಚಿಮದವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದೆ. ಸ್ವಭಾವತಃ ನಾನು ಸ್ನೇಹಜೀವಿ, ಅವರಂತೂ ಬಹಳ ಒಳ್ಳೆಯವರು. ಅವರ ಮಗಳ ಮದುವೆಗೆ ಹೋದೆ, ಆದರೆ ಮುಖ ಗಂಟಿಕ್ಕಿಕೊಂಡು ಊಟ ಮಾಡಿದೆ. ಚಿರೋಟಿಗೆ ಎರಡನೇ ಸಲ ಹಾಲು ಹಾಕಿಸಿಕೊಳ್ಳಲಿಲ್ಲ. ಅವರಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ನಿಂತು ಬಂದೆ. ಒಳಗೆ ಹೋಗಿದ್ದರೆ ನಿರಂತರತೆಗೆ ಭಂಗ. ಕರಿಬೇವು ಗೋಡೆಯೆತ್ತರ ದಾಟಿತು. ದಿನಾ ಬೆಳಿಗ್ಗೆ, ಅವರು ತುಳಸಿಗೆ ನೀರು ಹಾಕಲು ಬರುವ ಹೊತ್ತಿಗೇ, ಬಹಿರಂಗವಾಗಿ ನಾಲ್ಕೆಸಳು ಕೀಳುತ್ತಿದ್ದೆ. ಸಾರಿಗೆ ಬೇಕಿಲ್ಲದ ದಿನವೂ ಕೀಳುತ್ತಿದ್ದೆ. ಫ್ರಿಜ್ಜಿನ ಒಂದು ಖಾನೆ ಸಾಕ್ಷ್ಯದಿಂದ ತುಂಬಿತ್ತು.

ಹೀಗೆ ಹನ್ನೊಂದು ವರ್ಷ ಹತ್ತು ತಿಂಗಳು ಕಳೆಯಿತು. ಇನ್ನೆರಡೇ ತಿಂಗಳು. ಆಗ ಸಂಕ್ರಾಂತಿ ಬಂತು.

ಬಾಲ್ಕನಿಯಿಂದ ನಾನು ಎಲ್ಲ ನೋಡುತ್ತಿದ್ದೆ. ಪಶ್ಚಿಮದ ಮನೆಯಾಕೆ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಎಳ್ಳು ಬೀರಲು ಬಂದರು. ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು, ಬಾಳೆಹಣ್ಣು, ಎರಡು ಸಕ್ಕರೆ ಅಚ್ಚು. ನಮ್ಮ ಮನೆಯವರು ಗೇಟಿನ ಹತ್ತಿರವೇ ಸೆರಗೊಡ್ಡಿದರು. ಹೊರಡುವ ಮುಂಚೆ ಆಕೆ ಗಿಡದ ಕಡೆ ನೋಡಿ, ‘ಕರಿಬೇವು ಚೆನ್ನಾಗ್ ಬಂದಿದೆ ಕಣ್ರೀ. ನಮ್ಮನೆಯವರು ಆವತ್ತೇ ಅಂದಿದ್ರು, ಆ ಜಾಗ ನಮ್ದೇ ಆದ್ರೂ ಗಿಡ ಇರ್ಲಿ, ಮೇಷ್ಟ್ರು ಆಸೆಪಟ್ಟು ನೆಟ್ಟಿದಾರೆ ಅಂತ’ ಎಂದರು.

ನಮ್ಮ ಮನೆಯವರು ಹೇಳಿದರು: ‘ಅಯ್ಯೋ, ನಿಮ್ ಔದಾರ್ಯ ಕಣ್ರೀ. ನಿಮ್ಗೆ ಬೇಕಾದಾಗ ಕೇಳಿ, ಕಿತ್ಹಾಕ್ತೀವಿ.’

ಓದುಗರಲ್ಲಿ ವಕೀಲರಿದ್ದರೆ ಅವರಿಗೆ ಇಷ್ಟರಲ್ಲೇ ಬೆವರು ಬಂದಿರುತ್ತದೆ. ಮಾಲೀಕನ ಅನುಮತಿಯಿಂದ ಅನುಭವಿಸಿದ್ದು ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಮೊದಲ ದಿನದಿಂದಲೇ ಅನುಮತಿ ಇತ್ತೆಂದು ಒಬ್ಬರು ಸಾರಿದರು, ಜಾಗ ನಿಮ್ಮದೇ ಎಂದು ಇನ್ನೊಬ್ಬರು ಒಪ್ಪಿದರು, ಸಾಕ್ಷಿಗೆ ಎಳ್ಳುಬೆಲ್ಲ. ಹನ್ನೊಂದು ವರ್ಷ ಹತ್ತು ತಿಂಗಳ ವೈರ ನನ್ನ ಕಣ್ಣೆದುರೇ ಗೇಟಿನ ಹತ್ತಿರ ಸೆರಗಿಗೆ ಬಿತ್ತು. ಒಂದು ಸಕ್ಕರೆ ಅಚ್ಚು ಮನೆಯ ಆಕಾರದ್ದಾಗಿತ್ತು. ಅದಕ್ಕೆ ಕಾಂಪೌಂಡಿರಲಿಲ್ಲ.

ಮರುವಾರ ಪರವಾನಗಿ ಪಡೆದ ಸರ್ವೇಯರರೊಬ್ಬರನ್ನು ಕರೆಸಿದೆ. ಸೋಲುವುದೇ ಆದರೆ ಅಳತೆ ಮಾಡಿಸಿಯೇ ಸೋಲಬೇಕು. ಹುಡುಗ ಚುರುಕಾಗಿದ್ದ. ನನ್ನ ಪಶ್ಚಿಮದ ಕಲ್ಲು ನೋಡಿದ, ಪೂರ್ವದ ಕಲ್ಲೆಲ್ಲಿ ಎಂದ. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಕಾಂಪೌಂಡಿನಾಚೆ, ಪೂರ್ವದವರ ಕನಕಾಂಬರದ ಪಾತಿಯಲ್ಲಿ, ಅಗೆದಾಗ ಸಿಕ್ಕಿತು. ಗೋಡೆಯಿಂದ 9 ಅಂಗುಲ ಆಚೆ. ಅಂದರೆ ಪೂರ್ವದವರು ಇಷ್ಟು ವರ್ಷ ನನ್ನ 9 ಅಂಗುಲದಲ್ಲಿ ಹೂ ಬೆಳೆದಿದ್ದರು. ಅವರ ಪೂರ್ವದವರು ಅವರ 9 ಅಂಗುಲದಲ್ಲಿ ಗ್ಯಾಸ್ ಸಿಲಿಂಡರು ಇಟ್ಟಿದ್ದರು. ಟೇಪು ಬೀದಿಯುದ್ದಕ್ಕೂ ಹೋಯಿತು. ಎಂಟು ಮನೆಗೂ ಸರಿಯಾಗಿ 30 ಅಡಿ ಇದೆ, ಎಂಟೂ ಮನೆ 9 ಅಂಗುಲ ಪಶ್ಚಿಮಕ್ಕೆ ಸರಿದು ಕೂತಿವೆ. ಪಶ್ಚಿಮದ ತುದಿಯ ಮನೆಯವರು ಹೋದ ತಿಂಗಳಷ್ಟೇ ಗ್ರಾನೈಟು ಹಾಕಿಸಿದ ಗೋಡೆ ಮಳೆನೀರ ಚರಂಡಿಯ ಮೇಲಿದೆ. ಪೂರ್ವದ ತುದಿಯಲ್ಲಿ ಯಾರಿಗೂ ಬೇಡವಾಗಿ ಉಳಿದ 9 ಅಂಗುಲದ ಮೇಲೆ ಇಸ್ತ್ರಿ ಗಾಡಿಯ ಒಂದು ಚಕ್ರ ನಿಂತಿದೆ.

ಅಷ್ಟೊತ್ತಿಗೆ ಎಂಟೂ ಮನೆಯವರು ಬೀದಿಗೆ ಬಂದಿದ್ದರು. ನಾಲ್ಕಲ್ಲ, ಹತ್ತಲ್ಲ, ಎಂಟು. ಪುಷ್ಯಮಾಸದ ಚಳಿಗೆ ಒಬ್ಬರು ಕೆಂಪು ಸ್ವೆಟರು ಹಾಕಿದ್ದರು. ನನ್ನ ಕೈ ಮಣ್ಣಾಗಿತ್ತು. ವಿಜ್ಞಾನೇಶ್ವರನಿಗೆ ಇದಕ್ಕಿಂತ ಹೆಚ್ಚು ಬೇಕಿರಲಾರದು.

‘ಮೊದ್ಲನೇ ಮನೆ ಕಟ್ಟಿದ ಮೇಸ್ತ್ರಿ ಕಲ್ಲು ಬಿಟ್ಟು ಬೇರೆ ಏನನ್ನೋ ಹಿಡ್ಕೊಂಡು ದಾರ ಎಳ್ದಿದಾನೆ ಸಾರ್’ ಎಂದ ಸರ್ವೇಯರು.

ಹಾಲಿನವರು ಖಾಲಿ ಕ್ಯಾನು ಸೈಕಲ್ಲಿಗೆ ಸಿಕ್ಕಿಸುತ್ತಾ ನಿಂತಿದ್ದರು. ‘ಬದು ಸಾ. ನಮ್ ತಾತನ ಹೊಲದ ಬದು. ಇಲ್ಲೇ ಬತ್ತಿತ್ತು’ ಎಂದು ಇಸ್ತ್ರಿ ಗಾಡಿಯ ಪಕ್ಕ ಕಾಲಿನಿಂದ ಗೆರೆ ಎಳೆದು ತೋರಿಸಿದರು. ಸರ್ವೇಯರು ಅಲ್ಲಿಗೆ ಟೇಪು ಹಿಡಿದ. ಕಲ್ಲಿನಿಂದ ಸರಿಯಾಗಿ 9 ಅಂಗುಲ.

ಕ್ಯಾನು ಸಿಕ್ಕಿಸಿಯಾಯಿತು. ಅವರು ಹೊರಟರು, ಇನ್ನೂ ಎರಡು ಬೀದಿ ಬಾಕಿಯಿತ್ತು.

‘ಹಂಗಾದ್ರೆ ಬರ್ಕೊಳ್ಳಲಾ ಸಾರ್? ಎಂಟೂ ಮನೇದು?’ ಎಂದು ಸರ್ವೇಯರು ಪೆನ್ನು ತೆಗೆದ.

ಪಶ್ಚಿಮದ ತುದಿಯವರು ತಮ್ಮ ಗ್ರಾನೈಟಿನ ಕಡೆ ನೋಡಿದರು. ಪೂರ್ವದವರು ಕನಕಾಂಬರದ ಕಡೆ ನೋಡಿದರು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಬೀದಿ ಒಂದೇ ದನಿಯಲ್ಲಿ ಮಾತಾಡಿತು. ‘ಮೊದ್ಲು ಕಾಫಿ ಕುಡೀರಿ.’

ಕಾಫಿ ಪಶ್ಚಿಮದ ಮನೆಯಿಂದ ಬಂತು. ಹುಡುಗ ಕುಡಿದು, ಟೇಪು ಸುತ್ತಿಕೊಂಡು, ನನ್ನಿಂದ ಫೀಜು ಇಸಿದುಕೊಂಡ. ಸ್ಕೂಟರು ಹತ್ತುವ ಮುಂಚೆ ಗೋಡೆಯ ಹತ್ತಿರ ಹೋಗಿ ನಾಲ್ಕೆಸಳು ಕರಿಬೇವು ಕಿತ್ತು ಜೇಬಿಗಿಟ್ಟುಕೊಂಡ. ಯಾರನ್ನೂ ಕೇಳಲಿಲ್ಲ.